ವಿಟಮಿನ್ ಡಿ: ಕೊರತೆ ನೀಗುವವರೆಗಿನ ಲಾಭ

ನಡುವಯಸ್ಸಿನ ನಾಲ್ಕು ಜನ ಒಂದೆಡೆ ಕುಳಿತು ಆರೋಗ್ಯದ ಮಾತು ತೆಗೆದರೆ, ಅದು ಎಲ್ಲಿಂದ ಹೊರಟರೂ ಈಚೆಗೆ ವಿಟಮಿನ್ ಡಿಗೆ ಬಂದು ಮುಟ್ಟುತ್ತದೆ. ಒಬ್ಬರಿಗೆ ಕೂದಲು ಉದುರುತ್ತಿದೆ, ಇನ್ನೊಬ್ಬರಿಗೆ ರಾತ್ರಿಯಿಡೀ ಮಲಗಿ ಎದ್ದರೂ ಆಯಾಸ ಹೋಗಿರುವುದಿಲ್ಲ, ಮತ್ತೊಬ್ಬರಿಗೆ ಸೊಂಟ ಹಿಡಿದಿದೆ, ಮಗದೊಬ್ಬರಿಗೆ ಯಾಕೋ ಮನಸ್ಸೇ ಸರಿಯಿಲ್ಲ. ಎಲ್ಲರಿಗೂ ಎದುರಾಗುವ ಪ್ರಶ್ನೆ ಒಂದೇ: "ಡಿ ಎಷ್ಟಿದೆ, ನೋಡಿಸಿದಿರಾ?" ಕೇಳಿದವರು ಅಷ್ಟಕ್ಕೆ ನಿಲ್ಲದೆ ತಮ್ಮ ಅಂಕಿಯನ್ನೂ ಹೇಳುತ್ತಾರೆ. ಹಿಂದೆ ಸಕ್ಕರೆಯ, ರಕ್ತದೊತ್ತಡದ ಅಂಕಿಗಳನ್ನು ಹೇಳಿಕೊಳ್ಳುತ್ತಿದ್ದ ಜಾಗದಲ್ಲಿ ಈಗ ಇದು ಬಂದು ಕುಳಿತಿದೆ. ಕಡಿಮೆ ಇರುವವರು ಮಾತ್ರೆ ನುಂಗುತ್ತಿದ್ದಾರೆ, ಸರಿಯಾಗಿರುವವರು ಕಡಿಮೆಯಾದೀತೆಂದು ನುಂಗುತ್ತಿದ್ದಾರೆ.

ಒಂದೇ ವಸ್ತು ಮೂಳೆ, ಹೃದಯ, ಸಕ್ಕರೆ ಕಾಯಿಲೆ, ಕ್ಯಾನ್ಸರ್, ನೆಗಡಿ, ಖಿನ್ನತೆ ಎಲ್ಲಕ್ಕೂ ಮದ್ದು ಎಂದು ಯಾರಾದರೂ ಹೇಳಿದ ಕೂಡಲೇ ಅನುಮಾನ ಪಡುವುದು ನನ್ನ ಸ್ವಭಾವ. ಆದರೆ ಈ ವಿಷಯದಲ್ಲಿ ಆ ಅನುಮಾನವನ್ನೇ ಪೂರ್ತಿ ನೆಚ್ಚಿಕೊಂಡು "ಇದೆಲ್ಲ ಔಷಧಿ ವ್ಯಾಪಾರ" ಎಂದು ಕೈ ಕೊಡವಿಬಿಡಲೂ ನನ್ನಿಂದಾಗದು. ಈ ವಿಟಮಿನ್ ನಿಜವಾಗಿಯೂ ಇಲ್ಲದೆ ಹೋದಾಗ ಒಬ್ಬ ಮನುಷ್ಯರ ಮೈ ಏನಾಗುತ್ತದೆ ಎಂಬುದನ್ನು ನಾನು ಮನೆಯಲ್ಲಿಯೇ ನೋಡಿದ್ದೇನೆ. ಅದರ ಬಗ್ಗೆ ಅತಿಯಾಗಿ ತಲೆ ಕೆಡಿಸಿಕೊಂಡ ಆರೋಗ್ಯವಂತರನ್ನೂ ನೋಡಿದ್ದೇನೆ. ಈ ಎರಡನ್ನೂ ಎದುರುಬದುರಾಗಿ ಇಟ್ಟುಕೊಂಡು ಸ್ವಲ್ಪ ಕಾಲದಿಂದ ಓದುತ್ತಿರುವಾಗ ನನಗೆ ಮನದಟ್ಟಾದದ್ದು ಇಷ್ಟು: ವಿಟಮಿನ್ ಡಿಯ ಲಾಭ ದೊಡ್ಡದು, ಸಂಶಯಕ್ಕೆ ಎಡೆಯಿಲ್ಲದ್ದು, ಆದರೆ ಅದರ ಬಹುಪಾಲು ಕೊರತೆ ಇರುವವರ ಪಾಲಿನದು. ಕೊರತೆ ನೀಗಿದ ಮೇಲೆ ಮತ್ತೆ ಮತ್ತೆ ಸುರಿಯುವುದು ತುಂಬಿದ ಕೊಡಕ್ಕೆ ನೀರು ಹೊಯ್ದ ಹಾಗೆ.

ಕೈ ಊರದೆ ಏಳಲಾಗದ ದೊಡ್ಡಮ್ಮ

ನನ್ನ ದೊಡ್ಡಮ್ಮನಿಗೆ ಚಿಕ್ಕ ವಯಸ್ಸಿನಿಂದಲೂ ಮೂರ್ಛೆ ರೋಗವಿತ್ತು. ಅದಕ್ಕಾಗಿ ಫೆನಿಟಾಯಿನ್ ಮಾತ್ರೆಯನ್ನು ಹಲವು ವರ್ಷಗಳಿಂದ ತಪ್ಪದೆ ತೆಗೆದುಕೊಳ್ಳುತ್ತಿದ್ದರು. ಹೊರಗೆ ಎಲ್ಲಿಯಾದರೂ ಬಿದ್ದುಬಿಟ್ಟೇನು ಎಂಬ ಅಂಜಿಕೆಯಿಂದ ಮನೆ ಬಿಟ್ಟು ಹೊರಡುವುದನ್ನೇ ಕ್ರಮೇಣ ನಿಲ್ಲಿಸಿದ್ದರು. ಅರವತ್ತು ದಾಟಿದ ಮೇಲೆ ಅವರ ನಡಿಗೆ ಬದಲಾಯಿತು. ಹೆಜ್ಜೆ ಹೆಜ್ಜೆಗೂ ಮೈ ಅತ್ತಿತ್ತ ಓಲಾಡುತ್ತಿತ್ತು. ಕುರ್ಚಿಯಿಂದ ಏಳಬೇಕಾದರೆ ಮೊದಲು ಮುಂದಕ್ಕೆ ಜರುಗಿ, ಎರಡೂ ಅಂಗೈಗಳನ್ನು ತೊಡೆಯ ಮೇಲೆ ಒತ್ತಿ, ತಮ್ಮ ಮೈಯನ್ನು ತಾವೇ ಮೇಲಕ್ಕೆ ತಳ್ಳಿಕೊಳ್ಳುತ್ತಿದ್ದರು. ಮೆಟ್ಟಿಲೆಂದರೆ ಗೋಡೆ ಹಿಡಿಯಬೇಕಿತ್ತು. ಪಕ್ಕೆಯಲ್ಲಿ, ಮೊಣಕಾಲಿನ ಕೆಳಗೆ, ಸೊಂಟದಲ್ಲಿ ಇಂಥಲ್ಲೇ ಎಂದು ಬೆರಳಿಟ್ಟು ತೋರಿಸಲಾಗದ ನೋವು. ನಾವೆಲ್ಲ ಅದಕ್ಕೆ ವಯಸ್ಸು ಎಂಬ ಹೆಸರು ಕೊಟ್ಟಿದ್ದೆವು. ಅವರೂ ಅದನ್ನೇ ಒಪ್ಪಿಕೊಂಡಿದ್ದರು. ಮಂಡಿಯ ಎಕ್ಸ್‌ರೇ ಆಗಿತ್ತು, ಮಂಡಿ ಸವೆದಿದೆ ಎಂಬ ಮಾತಾಗಿತ್ತು, ಮುಲಾಮುಗಳ ಟ್ಯೂಬುಗಳು ದಿಂಬಿನ ಪಕ್ಕದಲ್ಲಿ ಸಾಲಾಗಿ ಸೇರಿದ್ದವು.

ಬೇರೆ ಯಾವುದೋ ಕಾರಣಕ್ಕೆ ತೋರಿಸಲು ಹೋಗಿದ್ದಾಗ ಒಬ್ಬ ಹಿರಿಯ ವೈದ್ಯರು ದೊಡ್ಡಮ್ಮ ಒಳಗೆ ನಡೆದು ಬಂದ ರೀತಿಯನ್ನೇ ನೋಡುತ್ತ ಕುಳಿತಿದ್ದರು. ಕುಳಿತ ಮೇಲೆ, "ಅಮ್ಮಾ, ಎರಡೂ ಕೈ ಎದೆಗೆ ಕಟ್ಟಿಕೊಂಡು ಎದ್ದು ನಿಲ್ಲಿ ನೋಡೋಣ" ಎಂದರು. ದೊಡ್ಡಮ್ಮ ಕೈ ಕಟ್ಟಿಕೊಂಡರು, ಮುಂದಕ್ಕೆ ಬಾಗಿದರು, ಒಂದಿಷ್ಟೂ ಮೇಲೇಳಲಿಲ್ಲ. "ಕೈ ಊರದೆ ಏಳೋದು ಹೇಗಪ್ಪಾ?" ಎಂದು ನಕ್ಕರು. ಆ ವೈದ್ಯರು ನಗಲಿಲ್ಲ. ಕೆಳಗೆ ಬಾಗಿ, ಅವರ ಮೊಣಕಾಲಿನ ಕೆಳಗಿನ ಮುಂಮೂಳೆಯ ಮೇಲೆ ಹೆಬ್ಬೆರಳಿಟ್ಟು ಮೆಲ್ಲಗೆ ಒತ್ತಿದರು. ಊತವಿಲ್ಲ, ಗಾಯವಿಲ್ಲ; ಆದರೂ ದೊಡ್ಡಮ್ಮ ಕಾಲು ಹಿಂದಕ್ಕೆಳೆದುಕೊಂಡು ಹಾ ಎಂದರು. ಆಮೇಲೆ ಯಾವ ಯಾವ ಮಾತ್ರೆ ತೆಗೆದುಕೊಳ್ಳುತ್ತಾರೆಂದು ಕೇಳಿದ ಅವರು ಫೆನಿಟಾಯಿನ್ ಹೆಸರು ಬಂದ ಕೂಡಲೇ ಬರೆಯಲು ಶುರು ಮಾಡಿದರು.

ರಕ್ತಪರೀಕ್ಷೆಯ ವರದಿಯಲ್ಲಿ ಕ್ಯಾಲ್ಸಿಯಂ ಕೆಳಗಿನ ಗಡಿಯಲ್ಲಿತ್ತು, ಫಾಸ್ಫೇಟ್ ಕಡಿಮೆಯಿತ್ತು, ಆಲ್ಕಲೈನ್ ಫಾಸ್ಫಟೇಸ್ ಎಂಬ ಕಿಣ್ವ ಮತ್ತು ಪ್ಯಾರಾಥೈರಾಯ್ಡ್ ಹಾರ್ಮೋನು ಎರಡೂ ಬಹಳ ಹೆಚ್ಚಿದ್ದವು, ವಿಟಮಿನ್ ಡಿ ಒಂದಂಕಿಯಲ್ಲಿತ್ತು. ಈ ರೋಗಕ್ಕೆ ಆಸ್ಟಿಯೋಮಲೇಸಿಯಾ ಎನ್ನುತ್ತಾರೆ. ಮಕ್ಕಳಲ್ಲಿ ಬೆಳೆಯುವ ಮೂಳೆಯ ತುದಿಗಳನ್ನು ಕೆಡಿಸಿ ಕಾಲು ಬಾಗಿಸುವ ರಿಕೆಟ್ಸ್ ರೋಗದ ದೊಡ್ಡವರ ರೂಪ ಇದು. ಮೂಳೆಯ ಹಂದರ ಎಂದಿನಂತೆ ಕಟ್ಟಿಕೊಳ್ಳುತ್ತಲೇ ಇರುತ್ತದೆ, ಆದರೆ ಅದನ್ನು ಗಟ್ಟಿ ಮಾಡಬೇಕಾದ ಕ್ಯಾಲ್ಸಿಯಂ, ಫಾಸ್ಫೇಟ್‌ಗಳು ಅದರಲ್ಲಿ ಕೂಡುವುದಿಲ್ಲ. ಮೂಳೆ ಸವೆಯುವ ಆಸ್ಟಿಯೋಪೊರೋಸಿಸ್ ಬೇರೆ: ಅಲ್ಲಿ ಇರುವ ಮೂಳೆ ಗಟ್ಟಿಯೇ, ಪ್ರಮಾಣ ಕಡಿಮೆ, ಮುರಿಯುವವರೆಗೂ ಸಾಮಾನ್ಯವಾಗಿ ನೋವಿರುವುದಿಲ್ಲ. ಆಸ್ಟಿಯೋಮಲೇಸಿಯಾದಲ್ಲಿ ಮೂಳೆಯೇ ನೋಯುತ್ತದೆ. ಜೊತೆಗೆ ತೊಡೆ, ಸೊಂಟ, ಭುಜಗಳಂಥ ಮೈಗೆ ಹತ್ತಿರದ ಸ್ನಾಯುಗಳು ಶಕ್ತಿಗುಂದುತ್ತವೆ. ಕುರ್ಚಿಯಿಂದ ಏಳುವುದು ಮತ್ತು ಮೆಟ್ಟಿಲು ಹತ್ತುವುದು ಮೊದಲು ಕಷ್ಟವಾಗುವುದೂ, ನಡಿಗೆ ಓಲಾಡುವುದೂ ಅದರಿಂದಲೇ. ಬಿಸಿಲಿಗೆ ಬಾರದಿರುವುದು ಒಂದು ಕಾರಣವಾದರೆ ಫೆನಿಟಾಯಿನ್ ಇನ್ನೊಂದು. ಆ ಔಷಧಿ ಯಕೃತ್ತಿನ ಕಿಣ್ವಗಳನ್ನು ಚುರುಕುಗೊಳಿಸಿ, ಇದ್ದಷ್ಟು ವಿಟಮಿನ್ ಡಿಯನ್ನೂ ಬೇಗ ಒಡೆದುಹಾಕುತ್ತದೆ.

ಚಿಕಿತ್ಸೆ ಬಹಳ ಸರಳವಾಗಿತ್ತು: ವಿಟಮಿನ್ ಡಿ, ಕ್ಯಾಲ್ಸಿಯಂ ಮತ್ತು ಕಾಯುವುದು. ನೋವಿಗಿಂತ ಮೊದಲು ಸುಧಾರಿಸಿದ್ದು ಸ್ನಾಯುಗಳ ಬಲ. ಕೆಲವು ತಿಂಗಳುಗಳಲ್ಲಿ ದೊಡ್ಡಮ್ಮ ಗೋಡೆ ಬಿಟ್ಟು ಮೆಟ್ಟಿಲು ಹತ್ತತೊಡಗಿದರು. ವಿಟಮಿನ್ ಡಿಯ ಪ್ರಯೋಜನವೇನು ಎಂದು ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದು ಇದನ್ನೇ. ಇದರಲ್ಲಿ ಚಮತ್ಕಾರವೇನೂ ಇಲ್ಲ. ಕರುಳಿನಿಂದ ಕ್ಯಾಲ್ಸಿಯಂ ರಕ್ತಕ್ಕೆ ಸೇರುವ ಬಾಗಿಲು ತೆರೆದುಕೊಂಡಿತು, ಅಷ್ಟೇ. ಈ ವಿಟಮಿನ್ ಸಾಕಷ್ಟಿಲ್ಲದಿದ್ದರೆ ಆಹಾರದ ಕ್ಯಾಲ್ಸಿಯಂನಲ್ಲಿ ಶೇಕಡಾ 10ರಿಂದ 15ರಷ್ಟು ಮಾತ್ರ ಹೀರಲ್ಪಡುತ್ತದೆ, ಸಾಕಷ್ಟಿದ್ದರೆ ಶೇಕಡಾ 30ರಿಂದ 40ರಷ್ಟು ಎಂಬುದು ವೈದ್ಯಕೀಯ ಬರಹಗಳಲ್ಲಿ ಸಾಮಾನ್ಯವಾಗಿ ಕಾಣುವ ಲೆಕ್ಕ. ಕರುಳಿನಿಂದ ಬಾರದ ಕ್ಯಾಲ್ಸಿಯಂನ್ನು ದೇಹ ಮೂಳೆಯಿಂದ ಕೀಳುತ್ತದೆ. ಹೃದಯವೂ ನರಗಳೂ ನಡೆಯಲು ರಕ್ತದಲ್ಲಿ ಕ್ಯಾಲ್ಸಿಯಂ ಇರಲೇಬೇಕು. ಮೂಳೆಯ ಗತಿ ಆಮೇಲೆ. ಆ ಕೀಳುವ ಕೆಲಸ ಮಾಡಿಸುವುದೇ ಪ್ಯಾರಾಥೈರಾಯ್ಡ್ ಹಾರ್ಮೋನು.

ಬಿಸಿಲಿನಿಂದ ಮೂತ್ರಪಿಂಡದವರೆಗೆ

ಹೆಸರಿನಲ್ಲಿ ವಿಟಮಿನ್ ಎಂದಿದ್ದರೂ ಇದು ಆಹಾರದಿಂದಲೇ ಬರಬೇಕಾದ ವಸ್ತುವಲ್ಲ. ನಮ್ಮ ಚರ್ಮ ಅದನ್ನು ತಾನೇ ಮಾಡಿಕೊಳ್ಳುತ್ತದೆ. ಚರ್ಮದಲ್ಲಿರುವ 7-ಡಿಹೈಡ್ರೋಕೊಲೆಸ್ಟರಾಲ್ ಎಂಬ ವಸ್ತುವಿನ ಮೇಲೆ ಸುಮಾರು 290ರಿಂದ 315 ನ್ಯಾನೋಮೀಟರ್ ತರಂಗಾಂತರದ ಅತಿನೇರಳೆ ಬಿ ಕಿರಣ ಬಿದ್ದಾಗ ಅದರ ಒಂದು ಉಂಗುರ ಬಿಚ್ಚಿಕೊಳ್ಳುತ್ತದೆ. ಮೈಯ ಬಿಸಿಗೆ ಅದು ನಿಧಾನವಾಗಿ ರೂಪ ಬದಲಿಸಿ ವಿಟಮಿನ್ ಡಿ3 ಆಗುತ್ತದೆ. ಅಲ್ಲಿಂದ ಯಕೃತ್ತಿಗೆ ಹೋಗಿ 25-ಹೈಡ್ರಾಕ್ಸಿ ವಿಟಮಿನ್ ಡಿ ಆಗುತ್ತದೆ. ಪರೀಕ್ಷೆಯಲ್ಲಿ ಅಳೆಯುವುದು ಇದನ್ನೇ. ರಕ್ತದಲ್ಲಿ ಇದರ ಪ್ರಮಾಣ ಅರ್ಧಕ್ಕಿಳಿಯಲು ಎರಡು ಮೂರು ವಾರ ಬೇಕು. ಕೊನೆಯಲ್ಲಿ ಮೂತ್ರಪಿಂಡ ಅದನ್ನು ಕ್ಯಾಲ್ಸಿಟ್ರಿಯಾಲ್ ಎಂಬ ನಿಜವಾದ ಹಾರ್ಮೋನಾಗಿ ಮಾರ್ಪಡಿಸುತ್ತದೆ. ಮೂತ್ರಪಿಂಡದ ದೀರ್ಘಕಾಲದ ಕಾಯಿಲೆ ಇರುವವರ ಮೂಳೆಗಳು ಕೆಡುವುದಕ್ಕೆ ಈ ಕೊನೆಯ ಹೆಜ್ಜೆ ತಪ್ಪುವುದೂ ಒಂದು ಕಾರಣ. ಬಿಸಿಲು ಅತಿಯಾದರೆ ವಿಟಮಿನ್ ಡಿ ಅತಿಯಾಗುವುದಿಲ್ಲ ಎಂಬುದು ಇಲ್ಲಿ ನನಗೆ ಬಹಳ ಹಿಡಿಸಿದ ಸಂಗತಿ: ಒಂದು ಮಿತಿ ದಾಟಿದ ಮೇಲೆ ಅದೇ ಬೆಳಕು ಹೆಚ್ಚುವರಿಯನ್ನು ಕೆಲಸಕ್ಕೆ ಬಾರದ ಬೇರೆ ವಸ್ತುಗಳಾಗಿ ಒಡೆದುಬಿಡುತ್ತದೆ. ಇಂಥ ಕಡಿವಾಣ ಬಾಯಿಂದ ನುಂಗುವ ಮಾತ್ರೆಗೆ ಇಲ್ಲ.

ಇದೆಲ್ಲ ತಿಳಿಯುವ ಮೊದಲೇ ವೈದ್ಯರು ಇದರ ಅಂಚನ್ನು ಹಿಡಿದಿದ್ದರು. ಪೋಲೆಂಡಿನ ಯೆಂಜೇ ಷ್ನಿಯಾದೆಟ್ಸ್ಕಿ 1822ರಲ್ಲಿಯೇ ವಾರ್ಸಾ ನಗರದ ಮಕ್ಕಳಿಗೆ ರಿಕೆಟ್ಸ್ ಹೆಚ್ಚು, ಹಳ್ಳಿಯ ಮಕ್ಕಳಿಗೆ ಕಡಿಮೆ ಎಂಬುದನ್ನು ಗಮನಿಸಿ ಬಿಸಿಲಿನತ್ತ ಬೆರಳು ತೋರಿಸಿದ್ದ. 1919ರಲ್ಲಿ ಎರಡು ಕಡೆ ಎರಡು ಉತ್ತರಗಳು ಬಂದವು. ಬರ್ಲಿನ್ನಿನಲ್ಲಿ ಕುರ್ಟ್ ಹುಲ್ಡ್‌ಶಿನ್ಸ್ಕಿ ಪಾದರಸದ ಆವಿಯ ದೀಪದ ಬೆಳಕಿನಿಂದ ರಿಕೆಟ್ಸ್ ಪೀಡಿತ ಮಕ್ಕಳನ್ನು ಗುಣಪಡಿಸಿದ. ಮಗುವಿನ ಒಂದು ತೋಳಿಗೆ ಮಾತ್ರ ಬೆಳಕು ಕೊಟ್ಟರೂ ಇನ್ನೊಂದು ತೋಳಿನ ಮೂಳೆಯೂ ಸುಧಾರಿಸಿತು. ಚರ್ಮದಲ್ಲಿ ಹುಟ್ಟಿದ ಏನೋ ಒಂದು ರಕ್ತದಲ್ಲಿ ಹರಿದು ಹೋಗುತ್ತಿದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕೆ? ಅತ್ತ ಇಂಗ್ಲೆಂಡಿನಲ್ಲಿ ಎಡ್ವರ್ಡ್ ಮೆಲನ್‌ಬಿ ಇದು ಆಹಾರದ ಕೊರತೆಯೆಂದೂ, ಕಾಡ್ ಲಿವರ್ ಎಣ್ಣೆ ಅದನ್ನು ತಡೆಯುತ್ತದೆಂದೂ ನಾಯಿಗಳ ಮೇಲಿನ ಪ್ರಯೋಗದಿಂದ ತೋರಿಸಿದ. ಬೆಳಕೋ ಎಣ್ಣೆಯೋ ಎಂಬ ಜಗಳದಲ್ಲಿ ಇಬ್ಬರೂ ಸರಿಯಾಗಿದ್ದರು. ಮೊದಲ ಮಹಾಯುದ್ಧದ ನಂತರ ವಿಯೆನ್ನಾದ ಮಕ್ಕಳ ನಡುವೆ ಕೆಲಸ ಮಾಡಿದ ಹ್ಯಾರಿಯೆಟ್ ಚಿಕ್ ಎರಡೂ ದಾರಿಗಳಿಂದ ರೋಗ ವಾಸಿಯಾಗುವುದನ್ನು ತೋರಿಸಿಕೊಟ್ಟರು. 1922ರಲ್ಲಿ ಅಮೆರಿಕದ ಎಲ್ಮರ್ ಮೆಕಾಲಮ್ ಆ ಎಣ್ಣೆಯನ್ನು ಕಾಯಿಸಿ, ಗಾಳಿ ಹಾಯಿಸಿ, ಅದರೊಳಗಿನ ವಿಟಮಿನ್ ಎಯನ್ನು ನಾಶ ಮಾಡಿದ ಮೇಲೂ ಅದು ರಿಕೆಟ್ಸ್ ಗುಣಪಡಿಸುವುದನ್ನು ಕಂಡು ಈ ಹೊಸ ವಸ್ತುವನ್ನು ಎ, ಬಿ, ಸಿಗಳ ಮುಂದಿನ ಅಕ್ಷರದಿಂದ ಕರೆದ. ಕೊಲೆಸ್ಟರಾಲ್ ಬಗೆಯ ವಸ್ತುಗಳಿಗೂ ವಿಟಮಿನ್‌ಗಳಿಗೂ ಇರುವ ನಂಟನ್ನು ಬಿಡಿಸಿದ್ದಕ್ಕಾಗಿ 1928ರ ರಸಾಯನಶಾಸ್ತ್ರದ ನೊಬೆಲ್ ಅಡಾಲ್ಫ್ ವಿಂಡೌಸ್‌ಗೆ ಸಿಕ್ಕಿತು. ಹಾಲಿಗೆ ವಿಟಮಿನ್ ಡಿ ಬೆರೆಸುವ ಪದ್ಧತಿ ಬಂದ ಮೇಲೆ ಅಮೆರಿಕದಲ್ಲಿ ರಿಕೆಟ್ಸ್ ಅಪರೂಪದ ರೋಗವಾಯಿತು. ಇಪ್ಪತ್ತನೆಯ ಶತಮಾನದ ಸಾರ್ವಜನಿಕ ಆರೋಗ್ಯದ ದೊಡ್ಡ ಗೆಲುವುಗಳಲ್ಲಿ ಇದೂ ಒಂದು. ಆ ಗೆಲುವು ಬಂದದ್ದು ಮೂಳೆಯ ಒಂದು ರೋಗದ ಮೇಲೆ ಎಂಬುದನ್ನು ಮಾತ್ರ ಮುಂದಿನ ಕಥೆಗಾಗಿ ನೆನಪಿನಲ್ಲಿಡಬೇಕು.

ಬಿಸಿಲಿನ ಬಗ್ಗೆ ಕೆಲವು ಮಾತುಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಕಿಟಕಿಯ ಗಾಜು ಅತಿನೇರಳೆ ಬಿ ಕಿರಣವನ್ನು ತಡೆಯುವುದರಿಂದ ಗಾಜಿನ ಹಿಂದೆ ಕುಳಿತು ಕಾಯಿಸಿಕೊಂಡ ಬಿಸಿಲು ಮೈಯನ್ನು ಬೆಚ್ಚಗಿಡುತ್ತದೆಯೇ ಹೊರತು ವಿಟಮಿನ್ ಕೊಡುವುದಿಲ್ಲ. ಸೂರ್ಯ ಕೆಳಗಿದ್ದಾಗ ಈ ಕಿರಣಗಳು ವಾತಾವರಣದಲ್ಲಿಯೇ ಹೀರಲ್ಪಡುತ್ತವೆ. ನಮ್ಮ ನೆರಳು ನಮಗಿಂತ ಉದ್ದವಾಗಿದ್ದರೆ ಚರ್ಮದಲ್ಲಿ ಹೆಚ್ಚೇನೂ ತಯಾರಾಗುತ್ತಿಲ್ಲ ಎಂದು ತಿಳಿಯಬಹುದು. ಎಳೆಬಿಸಿಲೇ ಶ್ರೇಷ್ಠ ಎಂಬ ನಂಬಿಕೆ ಕಣ್ಣಿಗೂ ಮನಸ್ಸಿಗೂ ಹಿತವಾದದ್ದು ಇರಬಹುದು, ವಿಟಮಿನ್ ಡಿಯ ಲೆಕ್ಕದಲ್ಲಿ ಅದು ನಿಲ್ಲುವುದಿಲ್ಲ. ಕಪ್ಪು ಚರ್ಮದ ಮೆಲನಿನ್ ಈ ಕಿರಣಗಳನ್ನು ತಾನೇ ಹೀರುವುದರಿಂದ ಅಂಥವರಿಗೆ ಹೆಚ್ಚು ಹೊತ್ತಿನ ಬಿಸಿಲು ಬೇಕು. ವಯಸ್ಸಾದಂತೆ ಚರ್ಮದ ತಯಾರಿಕೆಯ ಶಕ್ತಿಯೂ ಇಳಿಯುತ್ತದೆ. ಆಹಾರದಲ್ಲಿ ಇದು ಸಹಜವಾಗಿ ಸಿಗುವುದು ಕೆಲವೇ ಕಡೆ: ಕೊಬ್ಬಿನ ಮೀನು, ಮೊಟ್ಟೆಯ ಹಳದಿ, ಅತಿನೇರಳೆ ಬೆಳಕು ಕಂಡ ಅಣಬೆ. ಎದೆಹಾಲಿನಲ್ಲಿ ಇದು ಬಹಳ ಕಡಿಮೆ.

ಕಾಯಿಲೆ ಮೊದಲೋ, ಕೊರತೆ ಮೊದಲೋ

ಮೂಳೆಯನ್ನು ದಾಟಿ ವಿಟಮಿನ್ ಡಿ ಎಲ್ಲ ಕಾಯಿಲೆಗಳ ಮಾತಿನೊಳಗೆ ಹೊಕ್ಕದ್ದು ಹೇಗೆ ಎಂಬುದು ನನಗೆ ಈ ವಿಷಯದ ಅತ್ಯಂತ ಸ್ವಾರಸ್ಯಕರ ಭಾಗ. ಕಾರಣವಿಲ್ಲದೆ ಹೊಕ್ಕದ್ದಲ್ಲ. ಕ್ಯಾಲ್ಸಿಟ್ರಿಯಾಲ್ ಬಂದು ಕೂಡುವ ಗ್ರಾಹಕಗಳು ಕರುಳು, ಮೂಳೆಗಳಲ್ಲಿ ಮಾತ್ರವಲ್ಲದೆ ರೋಗನಿರೋಧಕ ಕಣಗಳೂ ಸೇರಿದಂತೆ ದೇಹದ ಅನೇಕ ಕಡೆ ಇವೆ. ಅದರ ಮೇಲೆ, ಸಾವಿರಾರು ಜನರ ರಕ್ತ ಪರೀಕ್ಷಿಸಿ ಹಲವು ವರ್ಷ ಅವರನ್ನು ಗಮನಿಸಿದ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡದ್ದು ಒಂದೇ: ವಿಟಮಿನ್ ಡಿ ಕಡಿಮೆ ಇರುವವರಿಗೆ ಹೃದ್ರೋಗ ಹೆಚ್ಚು, ಸಕ್ಕರೆ ಕಾಯಿಲೆ ಹೆಚ್ಚು, ಕೆಲವು ಕ್ಯಾನ್ಸರ್ ಹೆಚ್ಚು, ಖಿನ್ನತೆ ಹೆಚ್ಚು. ಹಾಗಿದ್ದ ಮೇಲೆ ಕೊಟ್ಟರೆ ಕಡಿಮೆಯಾಗಬೇಕಲ್ಲ?

ಆದರೆ ಯಾರ ರಕ್ತದಲ್ಲಿ ಇದು ಕಡಿಮೆ ಇರುತ್ತದೆ ಎಂದು ಒಂದು ಕ್ಷಣ ಯೋಚಿಸಿದರೆ ಆ "ಬೇಕಲ್ಲ" ಸಡಿಲವಾಗುತ್ತದೆ. ಹೊರಗೆ ಓಡಾಡಲಾಗದವರು, ಈಗಾಗಲೇ ಕಾಯಿಲೆಯಿಂದ ಮನೆ ಹಿಡಿದವರು, ತೂಕ ಹೆಚ್ಚಿದವರು (ಕೊಬ್ಬಿನಲ್ಲಿ ಕರಗುವ ವಸ್ತುವಾದ್ದರಿಂದ ಮೈಯ ಗಾತ್ರ ದೊಡ್ಡದಾದಷ್ಟೂ ರಕ್ತದಲ್ಲಿ ಅದರ ಮಟ್ಟ ಕಡಿಮೆ), ವಯಸ್ಸಾದವರು, ಧೂಮಪಾನಿಗಳು. ಜ್ವರ, ಸೋಂಕು, ಶಸ್ತ್ರಚಿಕಿತ್ಸೆಗಳ ಸಮಯದಲ್ಲಿ ಕೂಡ ರಕ್ತದ ಅಂಕಿ ತಾನಾಗಿಯೇ ಇಳಿಯುತ್ತದೆ. ಹಾಗಾಗಿ ಕಡಿಮೆ ಅಂಕಿ ಎಷ್ಟೋ ಸಲ ಕಾಯಿಲೆಯ ಕಾರಣವಾಗಿರದೆ ಅದರ ಗುರುತಾಗಿರುತ್ತದೆ. ಯಾವುದು ಯಾವುದೆಂದು ಬಿಡಿಸಿ ನೋಡಲು ದಾರಿ ಒಂದೇ: ಜನರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ ನಿಜವಾದ ಮಾತ್ರೆ, ಇನ್ನೊಂದಕ್ಕೆ ಹುಸಿ ಮಾತ್ರೆ ಕೊಟ್ಟು ವರ್ಷಗಟ್ಟಲೆ ಕಾಯುವುದು.

ಅಂಥ ದೊಡ್ಡ ಪ್ರಯೋಗಗಳು ನಡೆದಿವೆ. ಅಮೆರಿಕದ ವೈಟಲ್ ಪ್ರಯೋಗದಲ್ಲಿ 25,871 ಜನರಿದ್ದರು. ಗಂಡಸರಾದರೆ 50, ಹೆಂಗಸರಾದರೆ 55 ತುಂಬಿದವರು. ದಿನಕ್ಕೆ 2,000 ಯೂನಿಟ್ ಡಿ3 ಕೊಟ್ಟು ಐದು ವರ್ಷಕ್ಕೂ ಹೆಚ್ಚು ಕಾಲ ನೋಡಿದರು. 2018ರ ಕೊನೆಯಲ್ಲಿ ಫಲಿತಾಂಶ ಹೊರಬಿದ್ದಾಗ ಕ್ಯಾನ್ಸರ್ ಬರುವುದೂ ಕಡಿಮೆಯಾಗಿರಲಿಲ್ಲ, ಹೃದಯಾಘಾತ, ಪಾರ್ಶ್ವವಾಯುಗಳೂ ಕಡಿಮೆಯಾಗಿರಲಿಲ್ಲ. ಸಕ್ಕರೆ ಕಾಯಿಲೆಯ ಅಂಚಿನಲ್ಲಿದ್ದ 2,423 ಜನರಿಗೆ ದಿನಕ್ಕೆ 4,000 ಯೂನಿಟ್ ಕೊಟ್ಟ ಇನ್ನೊಂದು ಪ್ರಯೋಗ 2019ರಲ್ಲಿ ಮುಗಿದಾಗ ಖಚಿತವೆನ್ನುವಷ್ಟು ವ್ಯತ್ಯಾಸ ಸಿಗಲಿಲ್ಲ. ಆಸ್ಟ್ರೇಲಿಯಾದಲ್ಲಿ ಇಪ್ಪತ್ತೊಂದು ಸಾವಿರಕ್ಕೂ ಹೆಚ್ಚು ಹಿರಿಯರಿಗೆ ತಿಂಗಳಿಗೊಮ್ಮೆ 60,000 ಯೂನಿಟ್ ಕೊಟ್ಟು ನೋಡಿದರೂ ಸಾವಿನ ಪ್ರಮಾಣ ಬದಲಾಗಲಿಲ್ಲ. ನನ್ನಂಥ ಅನುಮಾನದ ಪ್ರಾಣಿಗೂ ತುಸು ಗಲಿಬಿಲಿ ತಂದದ್ದು 2022ರ ಸುದ್ದಿ: ವೈಟಲ್ ಪ್ರಯೋಗದಲ್ಲಿ ಮೂಳೆ ಮುರಿತ ಕೂಡ ಕಡಿಮೆಯಾಗಿರಲಿಲ್ಲ. ಮೂಳೆಯ ವಿಟಮಿನ್ನೇ ಮೂಳೆಯನ್ನು ಕಾಯಲಿಲ್ಲವೆಂದರೆ ಇನ್ನೇನು ಉಳಿಯಿತು?

ಇದಕ್ಕೆ ಉತ್ತರ ಬೇಕಾದರೆ ಮೂವತ್ತು ವರ್ಷ ಹಿಂದಿನ ಇನ್ನೊಂದು ಪ್ರಯೋಗವನ್ನು ಪಕ್ಕದಲ್ಲಿಟ್ಟು ನೋಡಬೇಕು. 1992ರಲ್ಲಿ ಪ್ರಕಟವಾದ ಫ್ರಾನ್ಸಿನ ಅಧ್ಯಯನ ಅದು. ವೃದ್ಧರ ಆರೈಕೆ ಗೃಹಗಳಲ್ಲಿದ್ದ 3,270 ಮಹಿಳೆಯರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ದಿನಕ್ಕೆ ಬರೀ 800 ಯೂನಿಟ್ ವಿಟಮಿನ್ ಡಿ ಮತ್ತು 1.2 ಗ್ರಾಂ ಕ್ಯಾಲ್ಸಿಯಂ ಕೊಟ್ಟರು. ಒಂದೂವರೆ ವರ್ಷದಲ್ಲಿ ಸೊಂಟದ ಮೂಳೆ ಮುರಿತ ಆ ಗುಂಪಿನಲ್ಲಿ ಶೇಕಡಾ 43ರಷ್ಟು ಕಡಿಮೆಯಾಗಿತ್ತು. ಈ ಎರಡು ಪ್ರಯೋಗಗಳಲ್ಲಿ ಬೇರೆಯಾಗಿದ್ದದ್ದು ಜನ. ಫ್ರಾನ್ಸಿನವರು ಎಂಬತ್ತರ ಆಸುಪಾಸಿನವರು, ಬಿಸಿಲು ಕಾಣದವರು, ಕ್ಯಾಲ್ಸಿಯಂ ಕೂಡ ಸರಿಯಾಗಿ ಸಿಗದವರು. ವೈಟಲ್‌ಗೆ ಸೇರಿದವರು ಹೊರಗೆ ಓಡಾಡಿಕೊಂಡಿದ್ದ ಆರೋಗ್ಯವಂತರು. ಶುರುವಿನಲ್ಲಿಯೇ ಅವರ ರಕ್ತದ ಸರಾಸರಿ ಮಿಲಿಲೀಟರಿಗೆ 30 ನ್ಯಾನೋಗ್ರಾಂ ದಾಟಿತ್ತು. ಒಂದು ಪ್ರಯೋಗ ಕೊರತೆಯನ್ನು ತುಂಬಿತು, ಇನ್ನೊಂದು ಕೊರತೆ ಇಲ್ಲದವರಿಗೆ ಮತ್ತಷ್ಟು ಕೊಟ್ಟಿತು. ಎರಡರ ಉತ್ತರಗಳೂ ನಿಜ. ಒಂದರ ಉತ್ತರವನ್ನು ಇನ್ನೊಂದರ ಪ್ರಶ್ನೆಗೆ ಅಂಟಿಸಿದಾಗಲೇ ಎಡವಟ್ಟಾಗುವುದು. ವೈಟಲ್ ಫಲಿತಾಂಶ ಬಂದಾಗ ವಿಟಮಿನ್ ಡಿ ದಂಡ ಎಂಬ ತಲೆಬರಹಗಳನ್ನು ಓದಿದ್ದೆ. ನನ್ನ ದೊಡ್ಡಮ್ಮನಂಥವರ ಕೈಗೆ ಆ ಪತ್ರಿಕೆ ಸಿಕ್ಕಿದ್ದರೆ ಏನಾಗಬಹುದಿತ್ತೆಂದು ಆಗಲೇ ಅನ್ನಿಸಿತ್ತು.

ಮೂಳೆಯಾಚೆಗೆ ಏನೂ ಇಲ್ಲವೆಂದು ಹೇಳಿದರೆ ಅದೂ ಅನ್ಯಾಯ. ವೈಟಲ್‌ನದೇ ಇನ್ನೊಂದು ವಿಶ್ಲೇಷಣೆ 2022ರಲ್ಲಿ ಬಂತು. ವಿಟಮಿನ್ ಡಿ ಪಡೆದವರಲ್ಲಿ ಸಂಧಿವಾತದಂಥ, ದೇಹ ತನ್ನ ಮೇಲೆಯೇ ತಿರುಗಿಬೀಳುವ ಕಾಯಿಲೆಗಳು ಶೇಕಡಾ 22ರಷ್ಟು ಕಡಿಮೆ ಕಂಡವು. ಕ್ಯಾನ್ಸರ್ ಬರುವುದು ತಗ್ಗದಿದ್ದರೂ ಕ್ಯಾನ್ಸರ್‌ನಿಂದ ಸಾಯುವುದು ತುಸು ತಗ್ಗಬಹುದು ಎಂಬ ಸುಳಿವಿದೆ. ಉಸಿರಾಟದ ಸೋಂಕುಗಳ ಬಗ್ಗೆ 25 ಪ್ರಯೋಗಗಳ ಮಾಹಿತಿಯನ್ನು ಒಟ್ಟುಗೂಡಿಸಿ 2017ರಲ್ಲಿ ಪ್ರಕಟಿಸಿದ ವಿಶ್ಲೇಷಣೆ ಸ್ವಲ್ಪ ರಕ್ಷಣೆ ಸಿಗುತ್ತದೆಂದಿತು. ಅದರಲ್ಲಿಯೂ ಹೆಚ್ಚು ಲಾಭ ಕಂಡದ್ದು ಶುರುವಿನಲ್ಲಿ ರಕ್ತದ ಮಟ್ಟ 10 ನ್ಯಾನೋಗ್ರಾಂಗಿಂತ ಕೆಳಗಿದ್ದವರಿಗೆ, ಅದೂ ದಿನಕ್ಕೋ ವಾರಕ್ಕೋ ಸಣ್ಣ ಪ್ರಮಾಣದಲ್ಲಿ ತೆಗೆದುಕೊಂಡವರಿಗೆ. ಆಮೇಲೆ ಹೊಸ ಪ್ರಯೋಗಗಳು ಸೇರುತ್ತ ಹೋದಂತೆ ಆ ರಕ್ಷಣೆ ಕರಗುತ್ತ ಬಂದಿದೆ. ಇವೆಲ್ಲವನ್ನೂ ನಾನು ಮುಂದೆ ಏನಾಗುವುದೋ ನೋಡೋಣ ಎಂಬ ಕಡೆಗೆ ಇಟ್ಟಿದ್ದೇನೆ.

ವರದಿಯ ದಪ್ಪಕ್ಷರ

ಜೊತೆಯಲ್ಲಿ ಕೆಲಸ ಮಾಡುವ ಗೆಳೆಯರೊಬ್ಬರು ಒಂದು ದಿನ ಮಧ್ಯಾಹ್ನ ಫೋನನ್ನು ನನ್ನ ಮುಂದೆ ಹಿಡಿದರು. ಪೂರ್ತಿ ದೇಹದ ತಪಾಸಣೆಯ ವರದಿ. ಉಳಿದೆಲ್ಲ ಸಾಲುಗಳು ತೆಳ್ಳಗಿದ್ದವು. ವಿಟಮಿನ್ ಡಿ ಎದುರಿನ 24 ಮಾತ್ರ ದಪ್ಪಕ್ಷರದಲ್ಲಿ, ಕೆಂಪು ಬಣ್ಣದಲ್ಲಿತ್ತು. "ನೋಡಿ ಸಾರ್, ನನಗೆ ಗೊತ್ತಿತ್ತು, ಏನೋ ಇದೆ ಅಂತ" ಎಂದರು. ಅವರ ದನಿಯಲ್ಲಿ ಭಯದ ಜೊತೆ ಒಂದು ಬಗೆಯ ನೆಮ್ಮದಿಯೂ ಇತ್ತು. ವರ್ಷಗಳ ಆಯಾಸಕ್ಕೆ ಕೊನೆಗೂ ಒಂದು ಹೆಸರು ಸಿಕ್ಕಿತ್ತು. ಮನುಷ್ಯ ವಾರದಲ್ಲಿ ನಾಲ್ಕು ರಾತ್ರಿ ಒಂದು ಗಂಟೆಯ ನಂತರ ಮಲಗುತ್ತಾರೆ ಎಂಬುದು ನನಗೆ ಗೊತ್ತಿತ್ತು, ಆದರೆ ನಿದ್ದೆಯ ಸಾಲು ಆ ವರದಿಯಲ್ಲಿ ಇರಲಿಲ್ಲ.

24 ಎಂಬುದು ಕೊರತೆಯೇ? ಇದಕ್ಕೆ ಉತ್ತರ ಯಾವ ಸಮಿತಿಯನ್ನು ಕೇಳುತ್ತೀರಿ ಎಂಬುದರ ಮೇಲಿದೆ. ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ ನೇಮಿಸಿದ ಸಮಿತಿ 2010ರ ಕೊನೆಯಲ್ಲಿ ಕೊಟ್ಟ ವರದಿಯ ಪ್ರಕಾರ ಮಿಲಿಲೀಟರಿಗೆ 20 ನ್ಯಾನೋಗ್ರಾಂ ಇದ್ದರೆ ಮೂಳೆಯ ಮಟ್ಟಿಗೆ ಹೆಚ್ಚುಕಡಿಮೆ ಎಲ್ಲರಿಗೂ ಸಾಕು. 2011ರಲ್ಲಿ ಅದೇ ದೇಶದ ಹಾರ್ಮೋನು ತಜ್ಞರ ಸಂಘವಾದ ಎಂಡೋಕ್ರೈನ್ ಸೊಸೈಟಿ 20ಕ್ಕಿಂತ ಕೆಳಗಿದ್ದರೆ ಕೊರತೆ, 21ರಿಂದ 29 ಇದ್ದರೆ ಅರೆಕೊರತೆ, 30 ಮುಟ್ಟಿದರೆ ಸರಿ ಎಂದಿತು. ಈ 30ರ ಗೆರೆಯನ್ನೇ ಪ್ರಯೋಗಾಲಯಗಳು ಎತ್ತಿಕೊಂಡವು. ಗೆರೆಯನ್ನು ಹತ್ತು ಅಂಕಿ ಮೇಲೆಳೆದ ಕೂಡಲೇ, ಹಿಂದಿನ ದಿನದವರೆಗೂ ಆರೋಗ್ಯವಾಗಿದ್ದ ಕೋಟ್ಯಂತರ ಜನ ಕುಳಿತಲ್ಲೇ ಕೊರತೆಯವರಾದರು. 20ರ ಗೆರೆಯನ್ನೂ ಎಷ್ಟೋ ಜನ ತಪ್ಪಾಗಿ ಓದುತ್ತಾರೆ: ಅದು ಶೇಕಡಾ 97.5ರಷ್ಟು ಜನರ ಅಗತ್ಯವನ್ನು ಒಳಗೊಳ್ಳುವ ಮೇಲಿನ ಅಂಚು. ನಡುವಿನ ಅಗತ್ಯ ಸುಮಾರು 16. ಅಂದರೆ 18 ಇರುವ ಒಬ್ಬರಿಗೆ ನಿಜವಾಗಿಯೂ ಸಾಲದೆ ಇರಬಹುದು, ಇನ್ನೊಬ್ಬರಿಗೆ ಧಾರಾಳವಾಗಿ ಸಾಕಾಗಿರಬಹುದು. 2024ರಲ್ಲಿ ಎಂಡೋಕ್ರೈನ್ ಸೊಸೈಟಿ ಹೊಸ ಮಾರ್ಗಸೂಚಿ ಹೊರಡಿಸಿ ತನ್ನ ಹಳೆಯ 30ರ ಗೆರೆಯನ್ನು ಕೈಬಿಟ್ಟಿತು. ಬೇರೆ ಕಾರಣವಿಲ್ಲದೆ ಆರೋಗ್ಯವಂತರಿಗೆ ಈ ಪರೀಕ್ಷೆ ಮಾಡಿಸುವುದೇ ಬೇಡವೆಂದೂ ಸಲಹೆ ಕೊಟ್ಟಿತು. ಕಪ್ಪು ಚರ್ಮದವರಿಗೂ, ತೂಕ ಹೆಚ್ಚಿರುವವರಿಗೂ ಇದೇ ಮಾತು. ಹಳೆಯ ಗೆರೆಯನ್ನು ಅಷ್ಟು ಬೇಗ ಹಿಡಿದ ವರದಿಗಳ ದಪ್ಪಕ್ಷರ ಅದನ್ನು ಬಿಡುವುದರಲ್ಲಿ ಅಂಥ ಅವಸರವನ್ನೇನೂ ತೋರಿಸುತ್ತಿಲ್ಲ.

ಹೆಚ್ಚಾದರೆ

ಗೆಳೆಯರು ವಾರಕ್ಕೊಂದರಂತೆ ಬರೆದುಕೊಟ್ಟಿದ್ದ ದೊಡ್ಡ ಮಾತ್ರೆಯನ್ನು ಹೇಳಿದ ಅವಧಿ ಮುಗಿದ ಮೇಲೂ ತಾವೇ ಮುಂದುವರಿಸುತ್ತಿದ್ದರು. ವಿಟಮಿನ್ ತಾನೆ, ಹೆಚ್ಚಾದರೆ ಮೂತ್ರದಲ್ಲಿ ಹೋಗುತ್ತದೆ ಎಂಬುದು ಅವರ ವಾದ. ಬಿ ಗುಂಪಿನ ವಿಟಮಿನ್‌ಗಳಿಗೆ ಹೆಚ್ಚುಕಡಿಮೆ ಹೊಂದುವ ಈ ಮಾತು ಇದಕ್ಕೆ ಹೊಂದುವುದಿಲ್ಲ. ಇದು ಕೊಬ್ಬಿನಲ್ಲಿ ಸೇರಿ ಕೂಡಿಕೊಳ್ಳುತ್ತದೆ. ತಿಂಗಳುಗಟ್ಟಲೆ ಅತಿಯಾದರೆ ರಕ್ತದ ಕ್ಯಾಲ್ಸಿಯಂ ಏರುತ್ತದೆ: ವಿಪರೀತ ಬಾಯಾರಿಕೆ, ಮತ್ತೆ ಮತ್ತೆ ಮೂತ್ರ, ಮಲಬದ್ಧತೆ, ವಾಕರಿಕೆ, ಮಂಕು, ಕೊನೆಗೆ ಮೂತ್ರಪಿಂಡಕ್ಕೆ ಪೆಟ್ಟು. ಹೀಗೆ ವಿಷವೇರಿದವರಲ್ಲಿ ಸಾಮಾನ್ಯವಾಗಿ ರಕ್ತದ ಮಟ್ಟ 150 ನ್ಯಾನೋಗ್ರಾಂ ದಾಟಿರುತ್ತದೆ, ಹಾಗಾಗಿ ಇದು ಸುಲಭವಾಗಿ ಆಗುವ ಅನಾಹುತವಲ್ಲ. 1950ರ ದಶಕದ ಆರಂಭದಲ್ಲಿ ಬ್ರಿಟನ್ನಿನಲ್ಲಿ ಮಕ್ಕಳ ಆಹಾರಕ್ಕೆ ಹಲವು ಕಡೆಗಳಿಂದ ವಿಟಮಿನ್ ಡಿ ಸೇರುತ್ತಿದ್ದಾಗ ಕೆಲವು ಶಿಶುಗಳ ರಕ್ತದಲ್ಲಿ ಕ್ಯಾಲ್ಸಿಯಂ ಅಪಾಯಕರವಾಗಿ ಏರಿತು, ಸರ್ಕಾರ ಬೆರಕೆಯ ಪ್ರಮಾಣವನ್ನು ಇಳಿಸಬೇಕಾಯಿತು. ವಿಟಮಿನ್ ಡಿಯನ್ನು ಒಡೆಯುವ ಕಿಣ್ವದಲ್ಲಿಯೇ ಕೆಲವರಿಗೆ ಹುಟ್ಟಿನಿಂದ ದೋಷವಿರುತ್ತದೆ ಎಂಬುದು 2011ರಲ್ಲಿ ಗೊತ್ತಾದ ಮೇಲೆ, ಅದೇ ಪ್ರಮಾಣ ಕುಡಿದ ಕೆಲವೇ ಶಿಶುಗಳು ಯಾಕೆ ನರಳಿದವು ಎಂಬುದಕ್ಕೆ ಒಂದು ವಿವರಣೆ ಸಿಕ್ಕಿತು.

ವಿಷದ ಮಟ್ಟ ಮುಟ್ಟದೆಯೂ ದೊಡ್ಡ ಪ್ರಮಾಣ ಕೆಡುಕು ಮಾಡಬಹುದು ಎಂಬುದನ್ನು ಆಸ್ಟ್ರೇಲಿಯಾದ ಇನ್ನೊಂದು ಪ್ರಯೋಗ ತೋರಿಸಿತು. ದಿನಾ ಮಾತ್ರೆ ನುಂಗುವ ರಗಳೆ ಬೇಡವೆಂದು 70 ತುಂಬಿದ 2,256 ಮಹಿಳೆಯರಲ್ಲಿ ಒಂದು ಗುಂಪಿಗೆ ವರ್ಷಕ್ಕೊಮ್ಮೆ ಒಂದೇ ಸಲಕ್ಕೆ 5,00,000 ಯೂನಿಟ್ ಕೊಟ್ಟರು. 2010ರಲ್ಲಿ ಫಲಿತಾಂಶ ಬಂದಾಗ ಹುಸಿ ಮಾತ್ರೆ ಪಡೆದವರಿಗಿಂತ ಇವರೇ ಹೆಚ್ಚು ಬಿದ್ದಿದ್ದರು, ಇವರ ಮೂಳೆಗಳೇ ಹೆಚ್ಚು ಮುರಿದಿದ್ದವು. ಬೀಳುವುದು ಶೇಕಡಾ 15ರಷ್ಟು, ಮುರಿತ ಶೇಕಡಾ 26ರಷ್ಟು ಹೆಚ್ಚು. ಬೀಳದಿರಲೆಂದು ಕೊಟ್ಟದ್ದೇ ಬೀಳಿಸಿತ್ತು. ಅಂದಿನಿಂದ ಅಪರೂಪಕ್ಕೊಮ್ಮೆ ದೊಡ್ಡದಾಗಿ ಕೊಡುವುದಕ್ಕಿಂತ ದಿನವೂ ಸಣ್ಣದಾಗಿ ಕೊಡುವುದರತ್ತ ವೈದ್ಯರ ಒಲವು ತಿರುಗುತ್ತಿದೆ. 2024ರ ಮಾರ್ಗಸೂಚಿಯೂ 50 ದಾಟಿದವರಿಗೆ ಅದನ್ನೇ ಹೇಳುತ್ತದೆ. (ತೀವ್ರ ಕೊರತೆಯನ್ನು ಬೇಗ ತುಂಬಲು ಕೆಲವು ವಾರ ಹೆಚ್ಚಿನ ಪ್ರಮಾಣ ಕೊಡುವುದು ಬೇರೆಯ ಮಾತು, ದೊಡ್ಡಮ್ಮನಿಗೂ ಹಾಗೆಯೇ ಕೊಟ್ಟಿದ್ದರು.)

ಹಾಗಾದರೆ ಎಷ್ಟು ಸಾಕು? 2010ರ ಸಮಿತಿಯ ಅಂಕಿಗಳನ್ನೇ ಈಗಲೂ ಹೆಚ್ಚಿನವರು ಆಧಾರವಾಗಿ ಹಿಡಿಯುತ್ತಾರೆ: ವರ್ಷ ತುಂಬದ ಶಿಶುವಿಗೆ ದಿನಕ್ಕೆ 400 ಯೂನಿಟ್, 70ರವರೆಗಿನ ಎಲ್ಲರಿಗೂ 600, ಅದರಾಚೆಗೆ 800, ದೊಡ್ಡವರಿಗೆ ಮೇಲಿನ ಮಿತಿ 4,000. ಹೊಸ ಮಾರ್ಗಸೂಚಿ ಅಂಕಿಗಳಿಗಿಂತ ಜನರನ್ನು ಗುರುತಿಸುವ ಕೆಲಸ ಮಾಡಿರುವುದು ನನಗೆ ಹೆಚ್ಚು ಉಪಯುಕ್ತವಾಗಿ ಕಂಡಿದೆ. ಪರೀಕ್ಷೆಗೆ ಕಾಯದೆ, ಶಿಫಾರಸಿನ ಪ್ರಮಾಣಕ್ಕಿಂತ ತುಸು ಹೆಚ್ಚಾಗಿಯೇ ಕೊಡಬಹುದಾದವರು ಎಂದು ಅದು ಹೆಸರಿಸಿರುವುದು ಒಂದರಿಂದ 18 ವರ್ಷದ ಮಕ್ಕಳನ್ನು, ಗರ್ಭಿಣಿಯರನ್ನು, 75 ದಾಟಿದವರನ್ನು ಮತ್ತು ಸಕ್ಕರೆ ಕಾಯಿಲೆಯ ಅಂಚಿನಲ್ಲಿರುವವರನ್ನು. ಫೆನಿಟಾಯಿನ್‌ನಂಥ ಔಷಧಿ ತೆಗೆದುಕೊಳ್ಳುವವರು, ಕರುಳಿನ ಅಥವಾ ಮೂತ್ರಪಿಂಡದ ಕಾಯಿಲೆಯವರು, ಮೂಳೆ ನೋವಿನ ಜೊತೆ ತೊಡೆಯ ಬಲ ಕಳೆದುಕೊಂಡವರು ಆರೋಗ್ಯವಂತರ ಲೆಕ್ಕಕ್ಕೆ ಬರುವುದಿಲ್ಲ; ಅವರಿಗೆ ಪರೀಕ್ಷೆಯೂ ಬೇಕು, ಚಿಕಿತ್ಸೆಯೂ ಬೇಕು, ಕೆಲವು ತಿಂಗಳ ನಂತರ ಮರುಪರೀಕ್ಷೆಯೂ ಬೇಕು. ಇನ್ನು ನಡುವಯಸ್ಸಿನ, ಕೈಕಾಲು ಗಟ್ಟಿಯಿರುವ, ತಪಾಸಣೆಗೆ ಸಾಲಿನಲ್ಲಿ ಮುಂದೆ ನಿಂತಿರುವ ನನಗಾಗಲಿ ನನ್ನ ಗೆಳೆಯರಿಗಾಗಲಿ ಈ ಎರಡು ಪಟ್ಟಿಗಳಲ್ಲಿ ಎಲ್ಲಿಯೂ ಜಾಗವಿಲ್ಲ. ನಮ್ಮ ಪಾಲಿಗೆ ಆ ಮಾರ್ಗಸೂಚಿ ಬಿಟ್ಟಿರುವುದು ದಿನದ ಆ 600 ಯೂನಿಟ್ಟನ್ನು ಮಾತ್ರ.